ಮೂಗಿನ ಡ್ರಾಪ್ಸ್ ನಿಲ್ಲಿಸಿದರೆ ಮೂಗು ಕಟ್ಟುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಔಷಧ ಅಂಗಡಿಯ ಕೌಂಟರಿನಲ್ಲಿ ಮೂಗಿನ ಡ್ರಾಪ್ಸ್ ಕೇಳುವವರು ಎಷ್ಟೋ ಸಲ ಹೆಸರೂ ಹೇಳುವುದಿಲ್ಲ. ಎರಡು ಬೆರಳಿನಿಂದ ಮೂಗು ತೋರಿಸಿ ಇಪ್ಪತ್ತು ನಿಮಿಷದ ಹಾದಿ ನಡೆದು ಬಂದವರಂತೆ ಬಾಯಿಂದ ಉಸಿರು ಬಿಡುತ್ತಾರೆ, ಅಷ್ಟೇ. ಒಂದೇ ಮುಖ ವಾರ ವಾರ ಬರತೊಡಗಿದರೆ ವಿಷಯ ನೆಗಡಿ ದಾಟಿ ಬೇರೆ ಕಡೆ ಹೋಗಿದೆ ಎಂದು ತಿಳಿಯಬೇಕು. ಅಂಥವರು, ಅವರ ಮನೆಯವರು, ಫೋನಿನಲ್ಲಿ ವಿಚಾರಿಸುವ ಧಾರವಾಡ, ಗದಗ, ಹಾವೇರಿ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಓದಿದ ಮೇಲೂ ಕಿವಿ-ಮೂಗು-ಗಂಟಲು ಡಾಕ್ಟರಿಗೆ ಒಮ್ಮೆ ತೋರಿಸುವುದು ಬಿಡಬೇಡಿ.

## ಮೊದಲು ತಿಳಿಯಬೇಕಾದದ್ದು

ಡ್ರಾಪ್ಸ್ ಹಾಕಿದ ಐದ ನಿಮಿಷಕ್ಕ ಮೂಗ ಬಿಡ್ತೈತಿ, ಎರಡ ತಾಸಿಗೆ ಮತ್ತ ಕಟ್ತೈತಿ. ಔಷಧ ಡುಪ್ಲಿಕೇಟ್ ಐತೇನ್ರಿ?

ಔಷಧ ಸರಿಯಾಗೇ ಇದೆ. ನಿಮ್ಮ ಮೂಗು ಅದಕ್ಕೆ ಒಗ್ಗಿಹೋಗಿದೆ.

ಮೂಗು ಕಟ್ಟಿದೆ ಎಂದರೆ ಒಳಗೆ ಸುಂಬಳ ತುಂಬಿದೆ ಎಂದೇ ಎಲ್ಲರ ಲೆಕ್ಕ. ಬಹಳ ಸಲ ಅಲ್ಲಿ ಸುಂಬಳ ಇರುವುದೇ ಕಡಿಮೆ. ಮೂಗಿನ ಒಳಗೆ ಎರಡೂ ಪಕ್ಕದ ಗೋಡೆಯಲ್ಲಿ ಟರ್ಬಿನೇಟ್ ಎಂಬ ಮೆತ್ತನೆಯ ಉಬ್ಬುಗಳಿವೆ. ಅವುಗಳ ತುಂಬ ರಕ್ತನಾಳ. ನೆಗಡಿ ಬಂದಾಗ ಆ ನಾಳಗಳು ಹಿಗ್ಗಿ, ರಕ್ತ ತುಂಬಿಕೊಂಡು ಉಬ್ಬು ಬಾತುಕೊಳ್ಳುತ್ತದೆ, ಗಾಳಿಗೆ ಹಾದಿ ಉಳಿಯುವುದಿಲ್ಲ. ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಎಂಬ ಔಷಧಗಳು ಆ ನಾಳಗಳನ್ನು ಹಿಂಡಿ ಕುಗ್ಗಿಸುತ್ತವೆ. ಐದು ನಿಮಿಷದಲ್ಲಿ ಹಾದಿ ತೆರೆಯುತ್ತದೆ, ಹೊಸದರಲ್ಲಿ ಆ ಪರಿಣಾಮ 10ರಿಂದ 12 ತಾಸು ನಿಲ್ಲುತ್ತದೆ.

ದಿನಗಟ್ಟಲೆ ಹಾಕುತ್ತ ಹೋದರೆ ನಾಳಗಳಲ್ಲಿ ಈ ಔಷಧದ ಮಾತು ಕೇಳುವ ಗ್ರಾಹಕಗಳು ಕಡಿಮೆಯಾಗುತ್ತವೆ, ಇದ್ದವೂ ಮೊದಲಿನಂತೆ ಸ್ಪಂದಿಸುವುದಿಲ್ಲ. ಪರಿಣಾಮ 12 ತಾಸಿನಿಂದ 6ಕ್ಕೆ, 3ಕ್ಕೆ ಇಳಿಯುತ್ತದೆ. ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಜಾಸ್ತಿ ಹಿಗ್ಗುತ್ತವೆ. ಆ ಬಾವು ಇಳಿಸಲು ನೀವು ಮತ್ತೆ ಎರಡು ಹನಿ ಬಿಡುತ್ತೀರಿ. ಬಡ್ಡಿ ಕಟ್ಟಲು ಹೊಸ ಸಾಲ ಎತ್ತಿದಂತೆ ಇದು. ಮೊದಲ ನೆಗಡಿ ಎಂದೋ ಹೋಗಿರುತ್ತದೆ, ಈಗ ಮೂಗು ಕಟ್ಟಿಸುತ್ತಿರುವುದು ಡ್ರಾಪ್ಸೇ. ವೈದ್ಯರು ಇದನ್ನು ರೈನೈಟಿಸ್ ಮೆಡಿಕಾಮೆಂಟೋಸಾ ಎನ್ನುತ್ತಾರೆ. 1940ರ ದಶಕದಿಂದಲೇ ಆ ಹೆಸರು ಇದೆ, ಹೊಸ ರೋಗವೇನಲ್ಲ.

ಹಂಗಾರ ಎಷ್ಟ ದಿನ ಹಾಕಬೋದ್ರಿ? ಒಬ್ಬರು ಮೂರ ದಿನ ಅಂತಾರ, ಒಬ್ಬರು ವಾರ ಅಂತಾರ.

3 ದಿನ. ಡಾಕ್ಟರು ನಿಮ್ಮ ಮೂಗು ನೋಡಿ ಹೇಳಿದ್ದರೆ 5 ದಿನ. ಕೆಲವು ದೇಶಗಳ ಲೇಬಲ್ ಮೇಲೆ 7 ದಿನ ಎಂದೂ ಇರುತ್ತದೆ. ಅಂಕಿ ಬೇರೆ ಬೇರೆ ಇರಲು ಕಾರಣ ಇಷ್ಟೇ: ಕೆಲವರಿಗೆ ನಾಲ್ಕನೇ ದಿನಕ್ಕೇ, ಔಷಧದ ಪರಿಣಾಮ ಇಳಿದ ಕೂಡಲೇ ಮರಳುವ ಈ ತಿರುಗುಬಾವು ಶುರುವಾಗುತ್ತದೆ, ಕೆಲವರಿಗೆ ವಾರಗಳೇ ಬೇಕು. ನೀವು ಯಾವ ಗುಂಪು ಎಂದು ಮೊದಲೇ ತಿಳಿಯುವ ದಾರಿ ಇಲ್ಲ. ಆದ್ದರಿಂದ ಕಡಿಮೆ ಅಂಕಿ ಹಿಡಿಯುವುದು ಜಾಣತನ.

ಒಂದು ಲೆಕ್ಕ ನೋಡಿ. 10 ಮಿಲಿ ಬಾಟಲಿಯಲ್ಲಿ ಅಂದಾಜು 200 ಹನಿ ಇರುತ್ತವೆ. ಹೊಳ್ಳೆಗೆ 2 ಹನಿಯಂತೆ ದಿನಕ್ಕೆ 3 ಸಲ ಹಾಕಿದರೂ 3 ದಿನಕ್ಕೆ 36 ಹನಿ. ಬಾಟಲಿಯ ಐದನೇ ಒಂದು ಭಾಗವೂ ಖರ್ಚಾಗುವುದಿಲ್ಲ. ಉಳಿದದ್ದು ಕಪಾಟಿನಲ್ಲಿ ಕೂತು ‘ರೊಕ್ಕಾ ಕೊಟ್ಟು ತಂದದ್ದು’ ಎಂದು ಕರೆಯುತ್ತಿರುತ್ತದೆ. ಒಂದು ನೆಗಡಿಗೆ ಒಂದು ಬಾಟಲಿ ಪೂರ್ತಿ ಮುಗಿದಿದೆ ಎಂದರೆ ಅಲ್ಲೇ ತಪ್ಪಿದೆ.

ನನಗ ಆಗಿದ್ದು ಇದ ಅಂತ ಹೆಂಗ ಗೊತ್ತಾಗಬೇಕು?

ನೆಗಡಿ, ಜ್ವರ, ಗಂಟಲು ನೋವು ಎಲ್ಲ ಹೋಗಿ ಮೂಗು ಕಟ್ಟುವುದೊಂದೇ ಉಳಿದಿದೆಯೇ? ಸೀನಿಲ್ಲ, ತುರಿಕೆಯಿಲ್ಲ, ನೀರು ಸುರಿಯುವುದಿಲ್ಲ, ಬರೀ ಕಟ್ಟುತ್ತದೆಯೇ? ಮೊದಲು ದಿನಕ್ಕೆರಡು ಸಲ ಸಾಕಾಗುತ್ತಿದ್ದದ್ದು ಈಗ ಐದಾರು ಸಲ ಆಗಿದೆಯೇ? ದಿಂಬಿನ ಕೆಳಗೆ ಒಂದು, ಗಾಡಿಯ ಡಿಕ್ಕಿಯಲ್ಲಿ ಒಂದು, ಆಫೀಸಿನ ಡ್ರಾವರಿನಲ್ಲಿ ಒಂದು ಬಾಟಲಿ ಇದೆಯೇ? ಊರಿಗೆ ಹೊರಟಾಗ ಬಾಟಲಿ ಮರೆತದ್ದು ನೆನಪಾಗಿ ನವಲಗುಂದದಿಂದ ತಿರುಗಿ ಬಂದವರನ್ನು ನಾನು ಬಲ್ಲೆ. ರಾತ್ರಿ ಬಾಯಿ ತೆರೆದು ಮಲಗಿ ಮುಂಜಾನೆ ಗಂಟಲು ಒಣಗುವುದು, ಗೊರಕೆ ಹೆಚ್ಚುವುದೂ ಇದರ ಜೊತೆಗೇ ಬರುತ್ತವೆ. ಡಾಕ್ಟರು ಒಳಗೆ ದೀಪ ಹಿಡಿದು ನೋಡಿದರೆ ಒಳಪದರ ಕೆಂಪಾಗಿ ಬಾತು, ಅಲ್ಲಲ್ಲಿ ಒಣಗಿ ಕಾಣುತ್ತದೆ. ಆದರೆ ನೋಟಕ್ಕಿಂತ ನಿಮ್ಮ ಉತ್ತರದಿಂದಲೇ ಅವರಿಗೆ ಹೆಚ್ಚು ತಿಳಿಯುತ್ತದೆ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ ಎಂಬುದನ್ನು ಮುಚ್ಚಿಡಬೇಡಿ.

ಇದ ಚಟಾ ಅಂದಂಗ ಆತಲ್ರಿ? ಮನ್ಯಾಗ ಹಂಗ ಬೈತಾರ.

ಮನೆಯವರಿಗೆ ಹೇಳಿ, ಗುಟ್ಕಾ, ಸೆರೆಯ ಸಾಲಿಗೆ ಇದು ಸೇರುವುದಿಲ್ಲ. ಇದರಿಂದ ನಶೆ ಇಲ್ಲ, ತಲೆಗೆ ಏರುವ ಸುಖ ಇಲ್ಲ. ಅವಲಂಬನೆ ಇರುವುದು ಮೂಗಿನ ರಕ್ತನಾಳಗಳಲ್ಲಿ. ಉಸಿರುಗಟ್ಟಿದವನು ಉಸಿರಿಗಾಗಿ ಕೈ ಚಾಚುತ್ತಾನೆ, ಅದಕ್ಕೆ ನಾಚಿಕೆ ಬೇಡ.

ಮೂಗಿಗೆ ಹೊಡಿಯೂ ಸ್ಪ್ರೇ ಎಲ್ಲಾ ಒಂದೇ ಏನ್ರಿ?

ಗೊಂದಲದ ಮೂಲವೇ ಇದು. ಕೌಂಟರಿನ ಮೇಲೆ ಮೂರು ಬಾಟಲಿ ಇಟ್ಟರೆ ಮೂರೂ ಒಂದೇ ಥರ ಕಾಣುತ್ತವೆ, ಕೆಲಸ ಬೇರೆ ಬೇರೆ. ಬ್ರ್ಯಾಂಡ್ ಹೆಸರು ಬಿಡಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ಹೆಸರಿನ ಕೊನೆಗೆ ‘ಜೋಲಿನ್’ ಇದ್ದರೆ, ಅಂದರೆ ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್, ನಫಾಜೋಲಿನ್, ಅದು ನಾಳ ಹಿಂಡುವ ಔಷಧ, 3 ದಿನದ್ದು. ಮೂಗಿಗೆ ಬಿಡುವ ಫಿನೈಲೆಫ್ರಿನ್, ಎಫೆಡ್ರಿನ್ ಕೂಡ ಇದೇ ಗುಂಪು. ಫ್ಲುಟಿಕಾಸೋನ್, ಮೊಮೆಟಾಸೋನ್, ಬ್ಯೂಡೆಸೋನೈಡ್ ಎಂದಿದ್ದರೆ ಅದು ಬಾವನ್ನು ಮೆಲ್ಲಗೆ ಇಳಿಸುವ ಸ್ಟಿರಾಯ್ಡ್ ಸ್ಪ್ರೇ. ತಿಂಗಳುಗಟ್ಟಲೆ ಹಾಕಿದರೂ ಈ ತಿರುಗುಬಾವು ತರುವುದಿಲ್ಲ. ಸೋಡಿಯಂ ಕ್ಲೋರೈಡ್ ಎಂದಷ್ಟೇ ಇದ್ದರೆ ಬರೀ ಉಪ್ಪುನೀರು.

ಎಚ್ಚರ ಬೇಕಾದದ್ದು ಇನ್ನೊಂದು ಕಡೆ. ಒಟ್ರಿವಿನ್‌ನಂಥ ಒಂದೇ ಬ್ರ್ಯಾಂಡಿನಲ್ಲಿ ಔಷಧದ ಬಾಟಲಿಯೂ ಸಿಗುತ್ತದೆ, ಉಪ್ಪುನೀರಿನ ಬಾಟಲಿಯೂ ಸಿಗುತ್ತದೆ. ‘ಹಿಂದಿನದ ಕೊಡ್ರಿ’ ಎಂದು ಹುಡುಗನನ್ನು ಕಳಿಸಿದರೆ ಯಾವುದು ಮನೆಗೆ ಬರುತ್ತದೆ ಎನ್ನುವುದು ಅದೃಷ್ಟಕ್ಕೆ ಬಿಟ್ಟದ್ದು. ಖಾಲಿ ಡಬ್ಬಿಯನ್ನೇ ಕಳಿಸಿ.

ವಿಕ್ಸ್ ಇನ್‌ಹೇಲರ್, ಅಮೃತಾಂಜನ, ನೆಗಡಿ ಗುಳಿಗಿ ಇವಕ್ಕೂ ಹಿಂಗ ಆಗ್ತೈತೇನು?

ಮುಲಾಮು, ನಮ್ಮಲ್ಲಿ ಸಿಗುವ ವಿಕ್ಸ್ ಇನ್‌ಹೇಲರ್ ಇವುಗಳಲ್ಲಿ ಇರುವುದು ಮೆಂಥಾಲ್, ಕರ್ಪೂರದಂಥವು. ಮೂಗಿನ ತಂಪು ತಿಳಿಯುವ ನರವನ್ನು ಕೆಣಕಿ ಗಾಳಿ ಆಡುತ್ತಿದೆ ಎಂಬ ಭಾವನೆ ಕೊಡುತ್ತವೆ. ಬಾವು ಇಳಿಸುವುದಿಲ್ಲ, ಅದಕ್ಕೇ ತಿರುಗುಬಾವೂ ಇಲ್ಲ. ಗುಳಿಗೆಯಿಂದಲೂ ಈ ತೊಂದರೆ ಆಗುವುದಿಲ್ಲ. ಆದರೆ ನೆಗಡಿ ಗುಳಿಗೆಗಳಲ್ಲಿ ಬಹಳಷ್ಟರಲ್ಲಿ ಇರುವ ಫಿನೈಲೆಫ್ರಿನ್ ಬಾಯಿಂದ ನುಂಗಿದರೆ ಮೂಗು ಬಿಡಿಸುವುದೇ ಇಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು. ಗುಳಿಗೆ ನುಂಗಿ ತೂಕಡಿಕೆ ಬಂದರೆ ಅದು ಜೊತೆಗಿರುವ ಅಲರ್ಜಿ ಔಷಧದ ಕೆಲಸ.

## ಬಿಡುವುದು ಹೇಗೆ

ಇವತ್ತ ರಾತ್ರಿನ ಬಾಟ್ಲಿ ತಿಪ್ಪಿಗೆ ಒಗದ್ರ ಏನಾಗ್ತೈತಿ?

ಜೀವಕ್ಕೆ ಅಪಾಯ ಏನೂ ಇಲ್ಲ. ಎರಡು ಮೂರು ರಾತ್ರಿ ನಿದ್ದೆ ಕೆಡುತ್ತದೆ, ತಲೆ ಭಾರವಾಗುತ್ತದೆ, ಮನೆಯವರ ಮೇಲೆ ರೇಗುತ್ತೀರಿ. ಬಹಳ ಜನರಿಗೆ ಒಂದೆರಡು ವಾರದಲ್ಲಿ ಮೂಗು ತಾನಾಗಿ ತೆರೆಯುತ್ತದೆ. ವರ್ಷಗಟ್ಟಲೆ ಹಾಕಿದವರಿಗೆ ಇನ್ನಷ್ಟು ದಿನ ಬೇಕಾಗಬಹುದು. ಬರೀ ಹಟದ ಮೇಲೆ ಬಿಟ್ಟವರು ಬಹಳ ಸಲ ಎರಡನೇ ರಾತ್ರಿ ಎರಡು ಗಂಟೆಗೆ ಸೋಲುತ್ತಾರೆ. ಆ ಹೊತ್ತಿನಲ್ಲಿ ಯಾರ ಹಟವೂ ನಿಲ್ಲುವುದಿಲ್ಲ. ತಲೆದಿಂಬು ಎರಡು ಮಾಡಿ ಎತ್ತರಕ್ಕೆ ಮಲಗಿ, ಮಲಗುವ ಮುಂಚೆ ಮೂಗಿಗೆ ಉಪ್ಪುನೀರು ಹಾಕಿ. ಪರೀಕ್ಷೆ, ಮದುವೆ, ಆಡಿಟ್ ಇರುವ ವಾರದಲ್ಲಿ ಶುರು ಮಾಡಬೇಡಿ.

ಒಂದ ಹೊಳ್ಳಿಗೆ ನಿಲ್ಲಿಸಿ ಇನ್ನೊಂದಕ್ಕ ಹಾಕ್ಕೋತ ಬಿಡೂ ದಾರಿ ಐತಿ ಅಂತಾರ. ಅದನ್ನ ಬಿಡಿಸಿ ಹೇಳ್ರಿ.

ನನ್ನ ಮಟ್ಟಿಗೆ ಜನ ಕೊನೆವರೆಗೆ ನಿಭಾಯಿಸುವ ದಾರಿ ಇದೇ. ಮೊದಲು ಡಾಕ್ಟರ ಚೀಟಿಯ ಮೇಲೆ ಸ್ಟಿರಾಯ್ಡ್ ಸ್ಪ್ರೇ ತಂದು ಎರಡೂ ಹೊಳ್ಳೆಗೆ ದಿನವೂ ಶುರು ಮಾಡಿ. ಅದು ಹತ್ತಲು ಕೆಲವು ದಿನ ಬೇಕು, ಆದ್ದರಿಂದ ಅಷ್ಟು ದಿನ ಡ್ರಾಪ್ಸ್ ಮೊದಲಿನಂತೇ ಇರಲಿ. ಆಮೇಲೆ ಒಂದು ಹೊಳ್ಳೆ ಆರಿಸಿ. ಯಾವುದು ಹೆಚ್ಚು ತೆರೆದಿರುತ್ತದೋ ಅದನ್ನೇ ಆರಿಸುವುದು ಸುಲಭ. ಬಲಗಡೆ ಎಂದುಕೊಳ್ಳೋಣ. ಅವತ್ತಿನಿಂದ ಬಲ ಹೊಳ್ಳೆಗೆ ಒಂದು ಹನಿಯೂ ಇಲ್ಲ. ಎಡ ಹೊಳ್ಳೆಗೆ ಎಂದಿನಂತೆ ಹಾಕಿಕೊಳ್ಳಿ, ಅದರಿಂದ ಉಸಿರಾಡಿ, ಅದರಿಂದ ನಿದ್ದೆ ಮಾಡಿ.

ಬಲಗಡೆ ನಾಲ್ಕೈದು ದಿನ ಪೂರ್ತಿ ಮುಚ್ಚಿರುತ್ತದೆ. ಆಮೇಲೆ ಒಂದು ಮುಂಜಾನೆ ಸಣ್ಣಗೆ ಗಾಳಿ ಆಡಿ ಮಧ್ಯಾಹ್ನ ಮತ್ತೆ ಮುಚ್ಚುತ್ತದೆ. ಇಲ್ಲಿ ‘ಉಪಯೋಗ ಇಲ್ಲ’ ಎಂದು ಕೈಬಿಡುವವರು ಹೆಚ್ಚು. ಆ ಸಣ್ಣ ಗಾಳಿಯೇ ನಾಳಗಳು ದಾರಿಗೆ ಬರುತ್ತಿರುವ ಗುರುತು. ಬಲ ಹೊಳ್ಳೆ ಡ್ರಾಪ್ಸ್ ಇಲ್ಲದೆ ದಿನವಿಡೀ ನಡೆಯತೊಡಗಿದ ಮೇಲೆ ಎಡಕ್ಕೂ ನಿಲ್ಲಿಸಿ. ಎರಡನೇ ಬದಿ ಅಷ್ಟು ಕಾಡುವುದಿಲ್ಲ, ಏಕೆಂದರೆ ಉಸಿರಿಗೆ ಒಂದು ಬಾಗಿಲು ಆಗಲೇ ತೆರೆದಿರುತ್ತದೆ.

ಇದೂ ಆಗದವರಿಗೆ ಹಗಲಿನದು ಬಿಟ್ಟು ರಾತ್ರಿ ಮಾತ್ರ ಇಟ್ಟುಕೊಂಡು, ನಂತರ ಅದನ್ನೂ ಬಿಡುವ ದಾರಿ ಇದೆ. ತೀರಾ ಬಾತಿದ್ದರೆ ಡಾಕ್ಟರು ಕೆಲವು ದಿನದ ಸ್ಟಿರಾಯ್ಡ್ ಗುಳಿಗೆ ಬರೆಯಬಹುದು. ಸಕ್ಕರೆ ಕಾಯಿಲೆ, ಹೊಟ್ಟೆಹುಣ್ಣು ಇದ್ದರೆ ಅವರಿಗೆ ಮೊದಲೇ ಹೇಳಿ.

ಸ್ಟಿರಾಯ್ಡ್ ಅಂದ್ರ ಹೆದರಿಕಿ ಬರ್ತೈತ್ರಿ. ಒಂದು ಬಿಡಿಸಾಕ ಹೋಗಿ ಇನ್ನೊಂದ ಗಂಟು ಬಿದ್ರ?

ಪ್ರಮಾಣ ನೋಡಿ. ಫ್ಲುಟಿಕಾಸೋನ್ ಸ್ಪ್ರೇಯ ಒಂದು ಸಲದ ಸಿಂಪಡಿಕೆಯಲ್ಲಿ ಸಾಮಾನ್ಯವಾಗಿ 50 ಮೈಕ್ರೋಗ್ರಾಂ ಇರುತ್ತದೆ, ದೊಡ್ಡವರಿಗೆ ದಿನಕ್ಕೆ 200 ಮೈಕ್ರೋಗ್ರಾಂ. ಅದರಲ್ಲಿ ರಕ್ತಕ್ಕೆ ಸೇರುವುದು ಬಹಳ ಸಣ್ಣ ಪಾಲು. ಇದನ್ನು ನಿಲ್ಲಿಸಿದರೆ ಮೂಗು ತಿರುಗಿ ಬೀಳುವುದಿಲ್ಲ. ಹಾಗಂತ ಚೀಟಿ ಇಲ್ಲದೆ ತರುವ ಸಾಮಾನು ಅಲ್ಲ, ಎಷ್ಟು ತಿಂಗಳು ಎಂದು ಡಾಕ್ಟರೇ ಹೇಳಬೇಕು.

‘ಹಾಕಿದೆ, ಏನೂ ಆಗಲಿಲ್ಲ’ ಎನ್ನುವವರಲ್ಲಿ ಬಹಳಷ್ಟು ಮಂದಿ ಹಾಕುವ ರೀತಿಯೇ ತಪ್ಪಿರುತ್ತದೆ. ತಲೆ ಹಿಂದಕ್ಕೆ ಚೆಲ್ಲಿ, ನೆಟ್ಟಗೆ ಮೇಲಕ್ಕೆ ಹೊಡೆದು, ಜೋರಾಗಿ ಎಳೆದುಕೊಂಡರೆ ಔಷಧ ಗಂಟಲಿಗೆ ಹೋಗುತ್ತದೆ. ಬಾಟಲಿ ಅಲ್ಲಾಡಿಸಿ. ತಲೆ ತುಸು ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ತುದಿಯನ್ನು ನಡುಗೋಡೆಯ ಕಡೆ ತಿರುಗಿಸದೆ ಅದೇ ಬದಿಯ ಕಣ್ಣಿನ ಹೊರತುದಿಯ ಕಡೆ ಗುರಿ ಇಟ್ಟು ಒತ್ತಿ, ಮೆಲ್ಲಗೆ ಉಸಿರೆಳೆಯಿರಿ. ನಡುಗೋಡೆಗೆ ದಿನವೂ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಪೂರ್ಣ ಪರಿಣಾಮಕ್ಕೆ ಒಂದೆರಡು ವಾರ ಕೊಡಿ. ಐದು ನಿಮಿಷದ ಔಷಧಕ್ಕೆ ಒಗ್ಗಿದವರಿಗೆ ಈ ಕಾಯುವಿಕೆಯೇ ಕಷ್ಟ.

ಉಪ್ಪನೀರ ಮನ್ಯಾಗ ಮಾಡ್ಕೋಬೋದೇನ್ರಿ? ನಳದ ನೀರ ನಡಿತೈತಿ?

ಮಾಡಿಕೊಳ್ಳಬಹುದು. ಅರ್ಧ ಲೀಟರ್ ನೀರಿಗೆ ಮಟ್ಟಸವಾಗಿ ಒಂದು ಚಹಾ ಚಮಚ, ಅಂದರೆ ಸುಮಾರು 5 ಗ್ರಾಂ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಉಗುರುಬೆಚ್ಚಗೆ ಇರಲಿ. ಮೂಗು ತೊಳೆಯುವ ಜಲನೇತಿಯ ಗಿಂಡಿ ಇದ್ದರೆ ಅದೇ ಸಾಕು.

ನಳದ ನೀರು ನೇರವಾಗಿ ಬೇಡವೇ ಬೇಡ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನೀರು ದಿನಗಟ್ಟಲೆ ಬಿಟ್ಟು ಬರುತ್ತದೆ, ಬಂದದ್ದನ್ನು ತೊಟ್ಟಿ, ಸಿಂಟೆಕ್ಸಿನಲ್ಲಿ ತುಂಬಿಡುತ್ತೇವೆ. ನಿಂತ ನೀರಿನಲ್ಲಿ ಬೆಳೆಯುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗುವುದು ಬಹಳ ಅಪರೂಪ, ಹೋದರೆ ಬದುಕುವುದು ಕಷ್ಟ. ಕೇರಳದಲ್ಲಿ 2025ರಲ್ಲಿ ಅಮೀಬಾ ಮಿದುಳು ಜ್ವರದ ಪ್ರಕರಣಗಳು ಹೆಚ್ಚಿದ್ದನ್ನು ನೀವೂ ಓದಿರುತ್ತೀರಿ. ಅದೇ ನೀರು ಕುಡಿದರೆ ಈ ಅಮೀಬಾದಿಂದ ತೊಂದರೆ ಇಲ್ಲ, ಮೂಗಿಗೆ ಹೋಗಬಾರದು. ನೀರು ಕೊತಕೊತ ಕುದ್ದು ಒಂದು ನಿಮಿಷ ಕಳೆಯಲಿ, ಮುಚ್ಚಿ ಆರಿಸಿ, ಅವತ್ತೇ ಬಳಸಿ. ಫಿಲ್ಟರ್ ನೀರನ್ನೂ ಕುದಿಸಿ.

## ಕೂಸು, ಬಸುರಿ, ಬಿಪಿ

ಕೂಸಿಗೆ ಮೂಗ ಕಟ್ಟಿ ಹಾಲ ಕುಡಿಯವಲ್ದು. ಅತ್ತಿ ಎಣ್ಣಿ ಬಿಡು ಅಂತಾರ. ದೊಡ್ಡವರ ಡ್ರಾಪ್ಸ್ ಒಂದ ಹನಿ ಹಾಕ್ಲೇನ್ರಿ?

ಎರಡೂ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಕೂಸಿನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಎರೆಯುವಾಗ ಮೈಗೆ ಹಚ್ಚುವುದಕ್ಕೆ ಅಡ್ಡಿಯಿಲ್ಲ, ಮೂಗು ಕಿವಿಗೆ ಬೇಡ ಎಂದು ಅತ್ತೆಯವರಿಗೆ ಮೆತ್ತಗೆ ಹೇಳಿ. ಡಾಕ್ಟರ ಬಾಯಿಂದ ಹೇಳಿಸಿದರೆ ಇನ್ನೂ ಚೊಲೊ.

ದೊಡ್ಡವರ ಕ್ಸೈಲೋಮೆಟಾಜೋಲಿನ್ 0.1 ಶೇಕಡಾ, ಮಕ್ಕಳದು 0.05. ಕಡಿಮೆ ಹನಿ ಹಾಕಿದರೆ ಸರಿಹೋಯಿತು ಎನ್ನುವ ಲೆಕ್ಕ ಕೂಸಿನ ಮೇಲೆ ನಡೆಯುವುದಿಲ್ಲ. ಕೂಸಿಗೆ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಡ್ರಾಪ್ಸ್ ಹಾಲು ಕುಡಿಸುವ ಮುಂಚೆ ಒಂದೆರಡು ಹನಿ ಸಾಕು. ಉಸಿರೆಳೆದಾಗ ಎದೆ ಒಳಗೆ ಗುಂಡಿ ಬೀಳುತ್ತಿದ್ದರೆ, ಕುಡಿಯುವುದನ್ನೇ ಬಿಟ್ಟರೆ ಅಂಗಡಿಗೆ ಬರಬೇಡಿ, ನೇರ ದವಾಖಾನೆಗೆ ಹೋಗಿ.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಈ ಬಾಟಲಿಯನ್ನು ತೆವಳುವ ಮಗು ಬಾಯಿಗಿಟ್ಟು ಒಂದೆರಡು ಮಿಲಿ ನುಂಗಿದರೂ ತೂಕಡಿಕೆ, ನಿಧಾನ ಉಸಿರು, ನಿಧಾನ ನಾಡಿ ಆಗಿ ಆಸ್ಪತ್ರೆ ಸೇರಬೇಕಾಗಬಹುದು. ಅಮೆರಿಕದ ಔಷಧ ಸಂಸ್ಥೆ 2012ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ದಿಂಬಿನ ಕೆಳಗಿನ ಬಾಟಲಿಯ ಬಗ್ಗೆ ಯೋಚಿಸಿ.

ನನಗ ಬಿಪಿ ಐತಿ. ಮೂಗಿಗೆ ಹಾಕಿದ್ದು ಬಿಪಿಗೆ ಏನ್ ಮಾಡ್ತೈತ್ರಿ?

ನಾಳ ಹಿಂಡುವ ಔಷಧ ಮೂಗಿನಲ್ಲೇ ನಿಲ್ಲುತ್ತದೆ ಎಂಬ ಖಾತ್ರಿ ಇಲ್ಲ, ದಿನಕ್ಕೆ ಹತ್ತು ಸಲ ಹಾಕುವವರಲ್ಲಂತೂ ಇಲ್ಲ. ಬಿಪಿ, ಹೃದಯದ ತೊಂದರೆ, ಥೈರಾಯ್ಡ್ ಜಾಸ್ತಿ, ಕಣ್ಣಿನ ಒತ್ತಡದ ಗ್ಲಾಕೋಮಾ, ವಯಸ್ಸಾದವರಲ್ಲಿ ಮೂತ್ರ ಕಟ್ಟುವ ಪ್ರಾಸ್ಟೇಟ್ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಒಂದು ದಿನವೂ ಹಾಕಬಾರದು. ಮೂಗು ಕಟ್ಟಿ ರಾತ್ರಿಯೆಲ್ಲ ನಿದ್ದೆ ಇಲ್ಲದಿರುವುದೂ ಬಿಪಿಗೆ ಒಳ್ಳೆಯದಲ್ಲ, ಆದ್ದರಿಂದ ಸುಮ್ಮನೆ ತಡೆದುಕೊಳ್ಳುವುದೂ ಉತ್ತರವಲ್ಲ.

ಆರನೇ ತಿಂಗಳು ನಡದೈತ್ರಿ. ನೆಗಡಿ ಇಲ್ಲ, ಆದ್ರ ಮೂಗ ಕಟ್ಟೇ ಇರ್ತೈತಿ.

ಬಸುರಿಯಲ್ಲಿ ನೆಗಡಿ ಇಲ್ಲದೆಯೂ ಮೂಗು ಬಾಯುವುದು ಸಾಮಾನ್ಯ, ಹೆರಿಗೆಯಾದ ಒಂದೆರಡು ವಾರಕ್ಕೆ ತಾನೇ ಹೋಗುತ್ತದೆ. ಡ್ರಾಪ್ಸ್ ಚಾಳಿ ಇಲ್ಲಿಂದ ಶುರುವಾದವರು ಇದ್ದಾರೆ: ಮೂರು ತಿಂಗಳು ಕಟ್ಟುವ ಮೂಗಿಗೆ ಮೂರು ದಿನದ ಔಷಧ ಹೊಂದುವುದಿಲ್ಲ. ಉಪ್ಪುನೀರು, ಎತ್ತರದ ದಿಂಬು, ಸಾಕಾಗದಿದ್ದರೆ ನಿಮ್ಮ ಡಾಕ್ಟರ ಮಾತು.

## ಬಿಟ್ಟ ಮೇಲೂ ಉಳಿಯುವ ಪ್ರಶ್ನೆಗಳು

ಬಿಟ್ಟು ಎರಡ ತಿಂಗಳಾತು. ಇನ್ನೂ ಮೂಗ ಪೂರ್ತಿ ಬಿಟ್ಟಿಲ್ಲ. ಹಾಳಾತೇನ್ರಿ?

ಹಾಳಾಗಿರುವುದು ಕಡಿಮೆ. ಡ್ರಾಪ್ಸ್ ಹಿಡಿಯುವ ಮುಂಚೆ ಮೂಗು ಯಾಕೆ ಕಟ್ಟುತ್ತಿತ್ತು ಎಂಬ ಪ್ರಶ್ನೆ ಅಲ್ಲೇ ಉಳಿದಿದೆ, ಈಗ ಅದು ಕಾಣತೊಡಗಿದೆ.

ನಮ್ಮ ಕಡೆ ಮೊದಲು ನೆನಪಾಗಬೇಕಾದದ್ದು ಅಲರ್ಜಿ. ಹೊಲದ ಬದುವಿನಿಂದ ಹಿಡಿದು ಕಾಲೇಜು ಮೈದಾನದವರೆಗೆ ಬೆಳೆಯುವ ಕಾಂಗ್ರೆಸ್ ಕಸದ ಪರಾಗ, ಹಾಸಿಗೆಯ ಧೂಳಿನ ಸಣ್ಣ ಹುಳ, ಧಾರವಾಡದ ಮಳೆಗಾಲದಲ್ಲಿ ಗೋಡೆಗೆ ಹತ್ತುವ ಬೂಸಲು. ರಾಶಿ ಮಾಡುವಾಗ ಜೋಳದ ಸುಂಕು, ಹತ್ತಿ ಗಿರಣಿಯ ಧೂಳು ಮೂಗಿಗೆ ಕೊಡುವ ಕಾಟ ಬೇರೆ. ಸೀನು, ತುರಿಕೆ, ಕಣ್ಣಲ್ಲಿ ನೀರು ಜೊತೆಗಿದ್ದರೆ ಅಲರ್ಜಿಯ ಕಡೆ ನೋಡಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲದ ನಡುವೆ ದುಡಿಯುವವರದು ಬಹುತೇಕ ಅಲರ್ಜಿ ಆಗಿರುವುದಿಲ್ಲ, ಖಾರದ ಘಾಟು ನರವನ್ನು ಕೆಣಕುವುದು. ಅಲ್ಲಿ ಡ್ರಾಪ್ಸಿಗಿಂತ ಮುಖಗವಸು, ಕೆಲಸ ಮುಗಿದ ಮೇಲೆ ಉಪ್ಪುನೀರು ಹೆಚ್ಚು ಉಪಯೋಗ. (ತಮಾಷೆಯೆಂದರೆ ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್ ಅನ್ನೇ ಅಳೆದು ಸ್ಪ್ರೇ ಮಾಡಿ ಕೆಲವು ಬಗೆಯ ಮೂಗಿನ ತೊಂದರೆಗೆ ವೈದ್ಯರು ಪ್ರಯೋಗಿಸಿದ್ದಾರೆ. ಮನೆಯಲ್ಲಿ ದಯವಿಟ್ಟು ಯಾರೂ ಮಾಡಬೇಡಿ.)

ಯಾವಾಗಲೂ ಒಂದೇ ಬದಿ ಕಟ್ಟುತ್ತಿದ್ದರೆ ನಡುಗೋಡೆ ಸೊಟ್ಟ ಇರಬಹುದು. ಬದಿ ಬದಲಾಗುತ್ತ, ಒಮ್ಮೆ ಎಡ ಒಮ್ಮೆ ಬಲ ಕಟ್ಟಿದರೆ ಅದು ಆರೋಗ್ಯವಂತ ಮೂಗಿನ ಸಹಜ ಸರದಿ. ಡ್ರಾಪ್ಸ್ ಬಿಟ್ಟವರು ಇದನ್ನೇ ರೋಗವೆಂದು ತಿಳಿದು ಮತ್ತೆ ಬಾಟಲಿ ಹಿಡಿಯುತ್ತಾರೆ. ಒಂದೇ ಬದಿಯಿಂದ ರಕ್ತ ಅಥವಾ ನಾರುವ ಕೀವು, ಕಣ್ಣಿನ ಸುತ್ತ ಬಾವು, ವಾಸನೆ ಪೂರ್ತಿ ಹೋಗುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ. ಹುಬ್ಬಳ್ಳಿ (ಜನ ಕಿಮ್ಸ್ ಎಂದು ಕರೆಯುವುದು), ಗದಗ, ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಹೋಗಿ ತೋರಿಸಿ.

ಆಪರೇಷನ್ ಮಾಡಿಸ್ಕೊಂಡ್ರ ಒಮ್ಮೆಲೆ ಮುಗಿತೈತಿ ಅಂತಾರ. ಖರೇ ಏನು?

ದೊಡ್ಡದಾದ ಟರ್ಬಿನೇಟನ್ನು ಕುಗ್ಗಿಸುವ ಶಸ್ತ್ರಚಿಕಿತ್ಸೆ ಇದೆ, ಔಷಧಕ್ಕೆ ಬಗ್ಗದವರಿಗೆ ಉಪಯೋಗವೂ ಆಗುತ್ತದೆ. ಆದರೆ ಮೊದಲು ಡ್ರಾಪ್ಸ್ ಬಿಟ್ಟು, ಸ್ಟಿರಾಯ್ಡ್ ಸ್ಪ್ರೇ ಸರಿಯಾಗಿ ಹಾಕಿ ನೋಡಿರಬೇಕು. ಬಾತಿರುವ ಮೂಗನ್ನು ನೋಡಿ ಎಷ್ಟು ತೆಗೆಯಬೇಕು ಎಂದು ಅಂದಾಜು ಮಾಡುವುದು ಕಷ್ಟ, ಜಾಸ್ತಿ ತೆಗೆದರೆ ಮೂಗು ಜೀವನಪೂರ್ತಿ ಒಣಗುವ ಅಪಾಯ ಇದೆ. ಆಪರೇಷನ್ ಆದ ಮೇಲೆ ಬಾಟಲಿ ಮತ್ತೆ ಹಿಡಿದರೆ ಬಾವೂ ಮತ್ತೆ ಬರುತ್ತದೆ.

ನಾ ಹತ್ತ ವರ್ಷದಿಂದ ಹಾಕ್ಕೋತ ಬಂದೇನಿ, ಏನೂ ಆಗಿಲ್ಲಲ್ರಿ?

ದಿನವೂ ಹಾಕಬೇಕಾಗಿ ಬಂದದ್ದೇ ಆಗಿರುವುದು. ಅದರ ಮೇಲೆ ಧೂಳು ಹೊರದೂಡುವ ಸಣ್ಣ ರೋಮಗಳು ಹಾಳಾಗುತ್ತವೆ, ಒಳಪದರ ಒಣಗಿ ಹಕ್ಕಳೆ ಕಟ್ಟುತ್ತದೆ, ಅಪರೂಪಕ್ಕೆ ನಡುಗೋಡೆಯಲ್ಲಿ ತೂತೂ ಬೀಳುತ್ತದೆ. ಹತ್ತು ವರ್ಷದ ನಂತರವೂ ಬಿಟ್ಟು ಸರಿಹೋದವರು ಇದ್ದಾರೆ. ದಿನ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಈಗ ಚೊಲೊ ಆಗೇತಿ. ಮುಂದ ನೆಗಡಿ ಬಂದ್ರ ಒಂದೆರಡ ದಿನ ಹಾಕಬೋದೇನ್ರಿ?

ಬೇಡ. ಒಮ್ಮೆ ಈ ಸುಳಿಗೆ ಬಿದ್ದ ಮೂಗು ತಿಂಗಳುಗಳ ನಂತರ ಹಾಕಿದರೂ ಕೆಲವೇ ದಿನಗಳಲ್ಲಿ ಅದೇ ಸ್ಥಿತಿಗೆ ಮರಳಬಹುದು. ಮೊದಲ ಸಲ ವಾರಗಟ್ಟಲೆ ಹಿಡಿದದ್ದು ಈ ಸಲ ಬೇಗ ಆಗುತ್ತದೆ. ಮುಂದಿನ ನೆಗಡಿಗೆ ಉಪ್ಪುನೀರು, ಬೆಚ್ಚಗಿನ ಸಾರು, ಬೇಕಾದರೆ ಡಾಕ್ಟರು ಹೇಳಿದ ಸ್ಟಿರಾಯ್ಡ್ ಸ್ಪ್ರೇ. ದವಾಖಾನೆಯಲ್ಲಿ ಮೂಗಿನ ರಕ್ತ ನಿಲ್ಲಿಸಲು, ದುರ್ಬೀನು ಹಾಕಿ ನೋಡಲು ಡಾಕ್ಟರು ಇದೇ ಔಷಧವನ್ನು ಒಂದು ಸಲ ಬಳಸಿದರೆ ಗಾಬರಿಯಾಗಬೇಡಿ, ಒಂದು ಸಲಕ್ಕೆ ಏನೂ ಆಗುವುದಿಲ್ಲ. ಮನೆಗೆ ಬರೆದುಕೊಡುವ ಮುಂಚೆ ಮಾತ್ರ ‘ನನಗೆ ಇದರಿಂದ ಹೀಗಾಗಿತ್ತು’ ಎಂದು ಹೇಳಿ. ಚೀಟಿಯ ಮೇಲೆ ಅದನ್ನು ಬರೆಸಿಕೊಂಡರೆ ಮುಂದೆ ಯಾವ ಅಂಗಡಿಗೆ ಹೋದರೂ ಕೌಂಟರಿನಲ್ಲಿ ಕೂತವರಿಗೂ ಗೊತ್ತಾಗುತ್ತದೆ.